ಮಂತ್ರಿ ಹೇಳಿದ ಸುಳ್ಳಿಗೆ ಕೇಸು ಏಕೆ ನಿಲ್ಲುವುದಿಲ್ಲ?

ಪ್ರಶ್ನೆ: ಸುಳ್ಳು ಹೇಳಿ ಮಾಲು ಮಾರಿದ ವ್ಯಾಪಾರಿಯ ಮೇಲೆ ಕೇಸು ಬೀಳುತ್ತದೆ. ಮಂತ್ರಿಗಳು ಗೊತ್ತಿದ್ದೂ ಸುಳ್ಳು ಹೇಳಿದರೆ? ಅದಕ್ಕೊಂದು ಕಾನೂನು ಬೇಡವೇ?

ಉತ್ತರ: ಬೇಕು, ಆದರೆ ಅದರ ವ್ಯಾಪ್ತಿ ಕಿರಿದಾಗಿರಬೇಕು. ಪ್ರಮಾಣ ಮಾಡಿ ಹೇಳಿದ ಸುಳ್ಳಿಗೆ ಈಗಿರುವ ಕಾನೂನೇ ಸಾಕು. ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ಮೇಲಿನ ಸುಳ್ಳುಸಾಕ್ಷ್ಯದ ಆರೋಪ 1999ರ ಫೆಬ್ರವರಿಯಲ್ಲಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಬಿದ್ದುಹೋಯಿತು. ತಪ್ಪಿತಸ್ಥರೆನ್ನಲು 67 ಮತ ಬೇಕಿತ್ತು, ಬಂದದ್ದು 45. ಎರಡೇ ತಿಂಗಳಲ್ಲಿ, ಅದೇ ವಿವಾದದ ಸಿವಿಲ್ ದಾವೆಯಲ್ಲಿ ಕೊಟ್ಟ ಸುಳ್ಳು ಹೇಳಿಕೆ ನ್ಯಾಯಾಂಗ ನಿಂದನೆ ಎಂದು ಕೋರ್ಟು ತೀರ್ಮಾನಿಸಿತು. ಸುಮಾರು 90,000 ಡಾಲರ್ ಕಟ್ಟಬೇಕಾಯಿತು. ತಲೆ ಎಣಿಸುವ ಕಡೆ ಪಾರಾದವರು ಸಾಕ್ಷ್ಯ ನೋಡುವ ಕಡೆ ಸಿಕ್ಕಿಬಿದ್ದರು.

ತೊಡಕಿರುವುದು ಪ್ರಮಾಣವಿಲ್ಲದೆ ಆಡಿದ ಮಾತಿನಲ್ಲಿ. ಬ್ರಿಟನ್ ವಾರಕ್ಕೆ 35 ಕೋಟಿ ಪೌಂಡನ್ನು ಐರೋಪ್ಯ ಒಕ್ಕೂಟಕ್ಕೆ ಕೊಡುತ್ತಿದೆ ಎಂದಿದ್ದ ಬೋರಿಸ್ ಜಾನ್ಸನ್ ಮೇಲೆ ಸಾರ್ವಜನಿಕ ಹುದ್ದೆಯ ದುರ್ಬಳಕೆ ಎಂದು ಖಾಸಗಿ ದೂರು ದಾಖಲಾಗಿ ಸಮನ್ಸೂ ಹೊರಟಿತ್ತು. 2019ರ ಜೂನ್‌ನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಹುದ್ದೆಯಲ್ಲಿದ್ದಾಗ ಆಡಿದ ಮಾತೆಲ್ಲ ಹುದ್ದೆಯ ಅಧಿಕಾರ ಚಲಾಯಿಸಿದಂತಲ್ಲ ಎಂಬುದು ಮುಖ್ಯ ಕಾರಣ. ಹೊಸ ಕಾನೂನು ಬರೆಯುವವರು ಮೊದಲು ಮುಚ್ಚಬೇಕಾದ ಕಿಂಡಿ ಇದೇ.

ಇನ್ನೊಂದು, 'ಗೊತ್ತಿತ್ತು' ಎಂದು ಸಾಬೀತು ಮಾಡುವುದು. 'ಊರಿಗೆಲ್ಲ ಗೊತ್ತಿತ್ತು' ಎಂದರೆ ಕೋರ್ಟಿಗೆ ಸಾಲದು. ಸೇತುವೆಯ ಎರಡು ಕಂಬಗಳಲ್ಲಿ ಬಿರುಕಿದೆ ಎಂಬ ಟಿಪ್ಪಣಿ ಸೋಮವಾರ ಮಂತ್ರಿಯ ಮೇಜಿಗೆ ಬಂತು, ಗುರುವಾರ ಅವರು 'ಸೇತುವೆ ಭದ್ರವಾಗಿದೆ' ಎಂದರು ಅಂದುಕೊಳ್ಳಿ. ಟಿಪ್ಪಣಿಯ ಅಂಚಿನಲ್ಲಿ ಅವರ ರುಜು, ತಾರೀಖು ಇದ್ದರೆ ಕೇಸು ನಿಲ್ಲುತ್ತದೆ. ಇಲ್ಲವಾದರೆ 'ನನ್ನ ಗಮನಕ್ಕೆ ಬಂದಿರಲಿಲ್ಲ' ಎಂಬ ಒಂದೇ ಸಾಲಿಗೆ ಮಗುಚಿಬೀಳುತ್ತದೆ. ಹಾಗಾಗಿ ಕಡತ ಕಾಯುವ ನಿಯಮ ಮೊದಲು ಬಿಗಿಯಾಗಬೇಕು. ಇಲ್ಲದಿದ್ದರೆ ಕಾನೂನು ಬಂದ ಮರುದಿನದಿಂದಲೇ ಟಿಪ್ಪಣಿ ಬರೆಯುವುದು ನಿಂತು ಎಲ್ಲವೂ ಬಾಯಿಮಾತಿನಲ್ಲೇ ಮುಗಿಯುತ್ತದೆ.

ಭರವಸೆ, ಅಂದಾಜು, ಅಭಿಪ್ರಾಯಗಳನ್ನು ಹೊರಗಿಡಿ. ದಕ್ಷಿಣ ಆಸ್ಟ್ರೇಲಿಯಾದ 1985ರ ಚುನಾವಣಾ ಕಾಯ್ದೆ ಈ ಗೆರೆ ಎಳೆದಿದೆ: ವಾಸ್ತವ ಎಂಬಂತೆ ಜಾಹೀರಾತಿನಲ್ಲಿ ಹೇಳಿದ್ದು ತಪ್ಪಾಗಿದ್ದು, ಗಣನೀಯವಾಗಿ ದಾರಿ ತಪ್ಪಿಸುವಂತಿದ್ದರೆ ಮಾತ್ರ ಅಪರಾಧ. ಹಿಂತೆಗೆದುಕೊಳ್ಳಿ, ತಿದ್ದುಪಡಿ ಪ್ರಕಟಿಸಿ ಎಂದು ಆಯುಕ್ತರು ಕೇಳಬಹುದು. ಒಳ್ಳೆಯ ಏರ್ಪಾಡು; ಬಾಯ್ತಪ್ಪಿ ಅಂದವರಿಗೂ ಬೇಕೆಂದೇ ಅಂದವರಿಗೂ ಇರುವ ವ್ಯತ್ಯಾಸ ತಿದ್ದಿಕೊಳ್ಳಿ ಎಂದಾಗಲೇ ಬಯಲಾಗುತ್ತದೆ.

ಜೈಲು ಬೇಕಿಲ್ಲ, ಅನರ್ಹತೆ ಸಾಕು. ವೇಲ್ಸ್ ಸರ್ಕಾರ 2024ರಲ್ಲಿ ಮಾತು ಕೊಟ್ಟಿದ್ದೂ ಇಂಥದ್ದಕ್ಕೇ: ಬೇಕೆಂದೇ ವಂಚಿಸಿದರೆಂದು ಸ್ವತಂತ್ರ ನ್ಯಾಯಿಕ ಪ್ರಕ್ರಿಯೆಯಲ್ಲಿ ಸಾಬೀತಾದರೆ ಶಾಸನಸಭೆಯ ಸದಸ್ಯತ್ವಕ್ಕೆ ಅನರ್ಹತೆ. ಇಲ್ಲಿ 'ಸ್ವತಂತ್ರ' ಎಂಬ ಪದದ ಕೆಳಗೆ ಗೆರೆ ಎಳೆದು ಓದಿ.