ಮುಧೋಳವೋ ಕಂತ್ರಿಯೋ, ಗೋಣಿಚೀಲ ಒಗೆಯುವವರು ಯಾರು?

ಪ್ರಶ್ನೆ: ಮೇಡಂ, ಶಿವಮೊಗ್ಗದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಾನು, ಗಂಡ, ಎಂಟು ವರ್ಷದ ಮಗಳು, ಅತ್ತೆ. ಎಂಟು ದಿನದ ಹಿಂದೆ ಜೋರು ಮಳೆಯಲ್ಲಿ ಗಾಂಧಿ ಬಜಾರಿನ ತರಕಾರಿ ಗಾಡಿ ಕೆಳಗೆ ಒಂದು ನಾಯಿಮರಿ ಸಿಕ್ಕಿತು. ಎಲುಬು ಎಣಿಸಬಹುದು, ಹೊಟ್ಟೆ ಮಾತ್ರ ಗುಂಡಗೆ ಉಬ್ಬಿದೆ. ಮಗಳು ‘ಬೋಂಡಾ’ ಅಂತ ಹೆಸರಿಟ್ಟಿದ್ದಾಳೆ. ಕಿರಾಣಿ ಅಂಗಡಿಯಲ್ಲಿ ತೂಗಿದರೆ ಒಂದೂಕಾಲು ಕಿಲೋ. ಸೂಜಿಯಂಥ ಹಲ್ಲು ಎಲ್ಲಾ ಬಂದಿವೆ. ಪಕ್ಕದ ಮನೆಯವರು ಮುಧೋಳ ಅನ್ನುತ್ತಾರೆ, ಹಾಲಿನವನು ಡಾಬರ್‌ಮನ್ ಕ್ರಾಸ್ ಅನ್ನುತ್ತಾನೆ. ನಮ್ಮ ಮನೆಯವರು, ‘ಜಾತಿ ನಾಯಿ ಆದರೆ ಇಟ್ಟುಕೊಳ್ಳೋಣ, ಕಂತ್ರಿ ಆದರೆ ಎಲ್ಲಿಂದ ತಂದೆಯೋ ಅಲ್ಲೇ ಬಿಟ್ಟು ಬಾ’ ಅಂತಾರೆ. ಅತ್ತೆ ಸಾಗರದ ಕಡೆಯವರು, ಅದರ ಮೈಮೇಲೆ ಉಣುಗು ನೋಡಿದಾಗಿನಿಂದ ಹೊಸಿಲು ದಾಟಿಸಬೇಡ ಅಂತ ಹಟ. ನಾವು ಮೊಟ್ಟೆ ಕೂಡ ತರದವರು. ರಾತ್ರಿ ಅದು ಕುಂಯ್ ಅಂದಾಗಲೆಲ್ಲ ನಾನೇ ಎದ್ದು ಹೋಗುತ್ತೇನೆ, ಬೆಳಗ್ಗೆ ಅದು ಗಲೀಜು ಮಾಡಿದ ಗೋಣಿಚೀಲ ಒಗೆದು ಹಾಕಿದ ಮೇಲೇ ಕಾಫಿಗೆ ಇಡುವುದು. ಫೋಟೋ ಕಳಿಸಿದ್ದೇನೆ. ಇದು ಯಾವ ಜಾತಿ? ಇಟ್ಟುಕೊಳ್ಳಲಾ, ಬೇಡವಾ? ಮೊನ್ನೆ ಆಡುವಾಗ ಮಗಳ ಕೈಗೆ ಅದರ ಹಲ್ಲು ತಾಗಿ ಗೀರಾಯಿತು. ರಕ್ತ ಏನೂ ಬರಲಿಲ್ಲ, ಅರಿಶಿನ ಹಚ್ಚಿದ್ದೇನೆ.

ಉತ್ತರ: ನೋಡಮ್ಮಾ, ನಿಮ್ಮ ಪತ್ರವನ್ನು ಕೊನೆಯಿಂದ ಶುರು ಮಾಡುತ್ತೇನೆ. ಸುಮ್ನೆ ಒಂದು ಮಾತು ಅನ್ನೋ ಹಾಗೆ ಬರೆದಿದ್ದೀರಲ್ಲ, ಮಗಳ ಕೈಗೆ ಹಲ್ಲು ತಾಗಿದ್ದು, ಮಿಕ್ಕ ಎಲ್ಲಕ್ಕಿಂತ ಮೊದಲು ಅದು. ಇವತ್ತೇ ಮಗಳನ್ನು ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಕ್ತ ಬರದಿದ್ದರೂ ಚರ್ಮ ಗೀರಿದ್ದರೆ ರೇಬಿಸ್ ಲಸಿಕೆ ಬೇಕು. ಮರಿ ಚಿಕ್ಕದು, ಅದಕ್ಕೆಲ್ಲಿ ಹುಚ್ಚು ಬರುತ್ತೆ ಅನ್ನಬೇಡಿ, ಮರಿಗೂ ಬರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಕೊಡುತ್ತಾರೆ. ಹಿಂದಿನ ಹಾಗೆ ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುವ ಕಾಲ ಹೋಯಿತು, ಈಗ ತೋಳಿಗೆ ಹಾಕುತ್ತಾರೆ, ಮೊದಲ ದಿನ, ಆಮೇಲೆ 3, 7, 28ನೇ ದಿನ. ನಾಯಿಯನ್ನು ಹತ್ತು ದಿನ ಗಮನಿಸಿ ಅಂತ ಹೇಳುವುದು ನಿಜ, ಆದರೆ ಹತ್ತು ದಿನ ಕಾದು ಆಮೇಲೆ ಇಂಜೆಕ್ಷನ್ ಅಂತ ಅದರ ಅರ್ಥ ಅಲ್ಲ. ಇಂಜೆಕ್ಷನ್ ಶುರು ಮಾಡಿ, ಜೊತೆಗೆ ಗಮನಿಸುವುದು. ಇನ್ನು ಆ ಅರಿಶಿನ. ಹಲ್ಲು ತಾಗಿದ ಜಾಗಕ್ಕೆ ಅರಿಶಿನ, ಸುಣ್ಣ, ಖಾರದ ಪುಡಿ ಯಾವುದೂ ಬೇಡ. ನಲ್ಲಿ ನೀರು ಬಿಟ್ಟು ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು, ಗಡಿಯಾರ ನೋಡಿಕೊಂಡು. ಹದಿನೈದು ನಿಮಿಷ ಅಂದರೆ ಎಷ್ಟು ದೊಡ್ಡದು ಅಂತ ತೊಳೆಯುವಾಗಲೇ ಗೊತ್ತಾಗುವುದು. ಇನ್ನೊಮ್ಮೆ ತಾಗಿದರೆ ನೆನಪಿರಲಿ, ಈ ವಯಸ್ಸಿನ ಮರಿ ಇರುವ ಮನೆಯಲ್ಲಿ ಇನ್ನೊಮ್ಮೆ ತಾಗೇ ತಾಗುತ್ತದೆ. ನಿಮಗೂ ಗೀರಿದ್ದರೆ ನೀವೂ ಹಾಕಿಸಿಕೊಳ್ಳಿ.

ಈಗ ಜಾತಿಯ ವಿಷಯ. ಫೋಟೋ ನೋಡಿದೆ. ಉದ್ದ ಮೂತಿ, ಒಳಗೆ ಹೋದ ಸೊಂಟ, ಕಡ್ಡಿ ಕಾಲು. ನಿಮ್ಮ ಪಕ್ಕದ ಮನೆಯವರ ತಪ್ಪಿಲ್ಲ ಬಿಡಿ. ಹೊಟ್ಟೆಗಿಲ್ಲದೆ ಸೊರಗಿದ ಯಾವ ಮರಿಯೂ ನಮ್ಮ ಕಣ್ಣಿಗೆ ಮುಧೋಳದ ಹಾಗೇ ಕಾಣುತ್ತದೆ. ಮುಧೋಳದ ನಾಯಿಗೆ ಹೆಸರು ದೊಡ್ಡದು, ಅಲ್ಲಿಯ ರಾಜ ಘೋರ್ಪಡೆಯವರು ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟಿದ್ದರು, 2005ರಲ್ಲಿ ಅಂಚೆಚೀಟಿ ಬಂತು, ಆಮೇಲೆ ಸೈನ್ಯಕ್ಕೂ ಹೋಯಿತು. ಹಾಗಾಗಿ ಸಣಕಲು ನಾಯಿ ಕಂಡರೆ ಎಲ್ಲರಿಗೂ ಬಾಗಲಕೋಟೆ ನೆನಪಾಗುತ್ತದೆ. ಆದರೆ ಆ ನಾಯಿಯ ಸೊಂಟ ಸಣ್ಣಗಿರುವುದು ಓಟಕ್ಕೆ, ನಿಮ್ಮ ಬೋಂಡಾನ ಸೊಂಟ ಸಣ್ಣಗಿರುವುದು ಹಸಿವಿಗೆ. ಎರಡು ತಿಂಗಳು ಹೊಟ್ಟೆ ತುಂಬ ಉಂಡ ಮೇಲೆ ಮುಖ ತುಂಬಿಕೊಂಡು ಬೇರೆ ನಾಯಿಯೇ ಅನ್ನಿಸುತ್ತದೆ, ಕಿವಿ ನಿಲ್ಲುತ್ತದೋ ಜೋತು ಬೀಳುತ್ತದೋ ಅದೂ ಈಗ ಹೇಳಲು ಬರುವುದಿಲ್ಲ. ನನ್ನ ಅಂದಾಜು ಕೇಳಿದರೆ, ಗಾಂಧಿ ಬಜಾರಿನ ಗಾಡಿ ಕೆಳಗೆ ಹುಟ್ಟಿದ್ದು ಗಾಂಧಿ ಬಜಾರಿನದೇ ನಾಯಿ. ಕಂತ್ರಿ ಅನ್ನುವುದು ಇಂಗ್ಲಿಷಿನ ಕಂಟ್ರಿಯಿಂದ ಬಂದ ಮಾತು ಅಂತಾರೆ, ಅಂದರೆ ನಾಡಿನದು, ಊರಿನದು. ಬೈಗುಳ ಆದದ್ದು ಆಮೇಲೆ.

ವಯಸ್ಸು ಮಾತ್ರ ಹಲ್ಲು ನೋಡಿ ಹೇಳಬಹುದು. ಹಾಲುಹಲ್ಲು ಎಲ್ಲಾ ಬಂದಿವೆ, ಒಂದೂ ಬಿದ್ದಿಲ್ಲ ಅಂದರೆ ಹೆಚ್ಚುಕಡಿಮೆ ಎರಡು ತಿಂಗಳು. ಆ ವಯಸ್ಸಿಗೆ ಇದರ ಎರಡರಷ್ಟು ತೂಗಬೇಕಿತ್ತು.

ನಾನೂ ಒಮ್ಮೆ ಇಂಥದೇ ಮರಿ ತಂದಿದ್ದೆ. ತಂದ ದಿನವೇ ಬಿಸಿನೀರಲ್ಲಿ ನಮ್ಮದೇ ಸೋಪು ಹಚ್ಚಿ ಸ್ನಾನ ಮಾಡಿಸಿದೆ, ಪಾಪ ಹಸಿದಿದೆ ಅಂತ ಬಟ್ಟಲು ತುಂಬ ಹಾಲು, ಅದರಲ್ಲಿ ಪಾರ್ಲೆ-ಜಿ ನೆನೆಸಿ ಇಟ್ಟೆ, ಅದು ನೆಕ್ಕಿ ನೆಕ್ಕಿ ಬಟ್ಟಲನ್ನೇ ದೂಡಿಕೊಂಡು ಹೋಗುತ್ತಿದ್ದರೆ ನನಗೆ ಏನೋ ಪುಣ್ಯ ಕಟ್ಟಿಕೊಂಡ ಹಿಗ್ಗು. ರಾತ್ರಿ ಭೇದಿ ಶುರುವಾಯಿತು. ಬೆಳಗಿನ ಜಾವ ಮುಟ್ಟಿದರೆ ಕಿವಿ ತಣ್ಣಗಿತ್ತು. ಮೂರನೇ ದಿನ ಹೋಯಿತು. ಪಶು ಆಸ್ಪತ್ರೆಯ ಕಾಂಪೌಂಡರ್ ಬೈಯಲಿಲ್ಲ, ‘ಉಪವಾಸದ ಹೊಟ್ಟೆಗೆ ಮದುವೆ ಊಟ ಬಡಿಸಿದ್ದೀರಿ’ ಅಂದರು ಅಷ್ಟೆ. ಬೈದಿದ್ದರೇ ವಾಸಿ ಇತ್ತು.

ಅದಕ್ಕೇ ಹೇಳುವುದು, ಹಾಲು ಹಾಕುತ್ತಿದ್ದರೆ ನಿಲ್ಲಿಸಿ. ದನದ ಹಾಲು ಸೊರಗಿದ ಮರಿಗೆ ಅರಗುವುದಿಲ್ಲ, ಭೇದಿಯಾದರೆ ಇರುವ ಶಕ್ತಿಯೂ ಹೋಗುತ್ತದೆ. ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ, ಎರಡು ಮೂರು ಚಮಚದಿಂದ ಶುರು ಮಾಡಿ ನಾಲ್ಕೈದು ದಿನದಲ್ಲಿ ಮೆಲ್ಲಗೆ ಜಾಸ್ತಿ ಮಾಡುತ್ತಾ ಹೋಗಿ. ಬೇರೆಯವರಾಗಿದ್ದರೆ ಮೆತ್ತಗಿನ ಅನ್ನಕ್ಕೆ ಬೇಯಿಸಿದ ಕೋಳಿ ಬಿಡಿಸಿ ಹಾಕಿ ಅನ್ನುತ್ತಿದ್ದೆ. ನಿಮ್ಮ ಮನೆಯಲ್ಲಿ ಅದು ಆಗದ ಮಾತು, ಅದಕ್ಕೆ ಜಗಳವೂ ಬೇಡ. ಅಂಗಡಿಯಲ್ಲಿ ಸಿಗುವ ಮರಿಗಳ ಫುಡ್ ತಂದು ಬಿಸಿನೀರಲ್ಲಿ ನೆನೆಸಿ ಕಿವುಚಿ ಕೊಡಿ. ರಾಗಿ ಅಂಬಲಿ, ಮೊಸರನ್ನ ಜೊತೆಗೆ ಇರಲಿ, ಆದರೆ ಬರೀ ಮೊಸರನ್ನದಲ್ಲಿ ನಾಯಿಮರಿ ಬೆಳೆಯುವುದಿಲ್ಲ. ಸಾರು, ಹುಳಿ ಕಲಸಿದ ಅನ್ನ ಹಾಕಲೇಬೇಡಿ. ಉಪ್ಪು, ಖಾರ ಒಂದು ಕಡೆ, ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕ್ಕೇ ಕೆಟ್ಟದ್ದು. ಸ್ನಾನ ಈಗ ಬೇಡ. ಶಿವಮೊಗ್ಗದ ಈ ಮಳೆಗೆ ಅದಕ್ಕೆ ಬೇಕಾಗಿರುವುದು ಬೆಚ್ಚಗೆ, ಒಂದು ಬಾಟಲಿಗೆ ಬಿಸಿನೀರು ತುಂಬಿ ಹಳೇ ಪಂಚೆ ಸುತ್ತಿ ಮಗ್ಗುಲಲ್ಲಿಡಿ. ರಾತ್ರಿಯ ಕುಂಯ್‌ಗುಟ್ಟುವುದೂ ಅರ್ಧ ನಿಲ್ಲುತ್ತದೆ.

ಆ ಗುಂಡು ಹೊಟ್ಟೆ ತಿಂದು ಆದದ್ದಲ್ಲ, ಹೆಚ್ಚಿನ ಮಟ್ಟಿಗೆ ಹುಳದ್ದು. ತಾಯಿಯ ಹೊಟ್ಟೆಯಿಂದ, ತಾಯಿಹಾಲಿನಿಂದ ಬಂದಿರುತ್ತದೆ. ಒಂದು ಬೆರಳಿಂದ ಅದರ ತುಟಿ ಎತ್ತಿ ಒಸಡು ನೋಡಿ. ಕೆಂಪಗೆ ತೊಂಡೆಹಣ್ಣಿನ ಹಾಗಿರಬೇಕು ಅಂತೇನಿಲ್ಲ, ನಸುಗೆಂಪು ಇದ್ದರೂ ಸಾಕು, ಬಿಳಿಚಿಕೊಂಡು ಬಾಳೆದಿಂಡಿನ ಹಾಗಿದ್ದರೆ ಹುಳ, ಉಣುಗು ಎರಡೂ ರಕ್ತ ಹೀರಿವೆ ಅಂತ ಲೆಕ್ಕ, ತಡ ಮಾಡಬಾರದು. ವಿನೋಬನಗರದಲ್ಲಿ ಪಶು ವೈದ್ಯಕೀಯ ಕಾಲೇಜೇ ಇದೆ, ಎಷ್ಟೋ ಊರಿನವರಿಗೆ ಇಲ್ಲದ ಅನುಕೂಲ, ಅಲ್ಲಿಗೆ ಒಯ್ಯಿರಿ. ಹುಳದ ಔಷಧಿಯನ್ನು ತೂಕ ನೋಡಿ ಅವರೇ ಕೊಡಲಿ, ಮೆಡಿಕಲ್ ಶಾಪಿನಿಂದ ಅಂದಾಜಿಗೆ ತಂದು ಹಾಕಬೇಡಿ. ಹಾಕಿದ ಮಾರನೇ ದಿನ ಕಕ್ಕದಲ್ಲಿ ಶಾವಿಗೆ ಚೆಲ್ಲಿದ ಹಾಗೆ ಬೀಳಬಹುದು, ಹೆದರಬೇಡಿ, ಬೀಳಲಿ ಅಂತಲೇ ಕೊಟ್ಟದ್ದು. ಮಗಳನ್ನು ಮಾತ್ರ ಹತ್ತಿರ ಬಿಡಬೇಡಿ, ಮರಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಸಿ, ಆ ಹುಳದ ಮೊಟ್ಟೆ ಮಕ್ಕಳ ಹೊಟ್ಟೆಗೂ ಹೋಗುತ್ತದೆ. ಎರಡು ವಾರಕ್ಕೊಮ್ಮೆ ಮತ್ತೆ ಔಷಧಿ, ಮೂರು ತಿಂಗಳು ತುಂಬುವವರೆಗೆ.

ಲಸಿಕೆ ಯಾವಾಗ ಅನ್ನುವುದನ್ನೂ ಡಾಕ್ಟರೇ ಹೇಳುತ್ತಾರೆ, ತೀರಾ ನಿತ್ರಾಣ ಇದ್ದರೆ ಸ್ವಲ್ಪ ದಿನ ಮುಂದೆ ಹಾಕಬಹುದು. ಅಲ್ಲಿಯವರೆಗೆ ಬೇರೆ ನಾಯಿ ಓಡಾಡಿದ ನೆಲಕ್ಕೆ ಇಳಿಸಬೇಡಿ. ಪಾರ್ವೊ ಅಂತ ಒಂದು ಕಾಯಿಲೆ ಇದೆ, ಮರಿಗಳ ಯಮ. ತಂದ ಮೊದಲ ಎರಡು ವಾರ ಕಣ್ಣಿಟ್ಟಿರಿ. ವಾಂತಿ, ರಕ್ತ ಬೆರೆತ ಕೆಟ್ಟ ವಾಸನೆಯ ಭೇದಿ, ಮೂಲೆ ಹಿಡಿದು ಮಲಗುವುದು ಕಂಡರೆ ಸಂಜೆವರೆಗೆ ನೋಡೋಣ ಅನ್ನುವ ಹಾಗಿಲ್ಲ. ಸೆವೆನ್ ಇನ್ ಒನ್ ಅಂತ ಕರೆಯುವ ಲಸಿಕೆಯಲ್ಲಿ ಇದರ ಜೊತೆಗೆ ಇಲಿ ಜ್ವರದ್ದೂ ಇರುತ್ತದೆ, ಮಲೆನಾಡಿನ ಮಳೆಗಾಲಕ್ಕೆ ಅದು ಬೇಕು. ರೇಬಿಸ್ ಲಸಿಕೆ ಮೂರು ತಿಂಗಳಿಗೆ.

ಅತ್ತೆಯ ವಿಷಯಕ್ಕೆ ಬರುತ್ತೇನೆ. ಅವರನ್ನು ಮಡಿ ಹೆಂಗಸು ಅಂತ ಪಕ್ಕಕ್ಕೆ ಸರಿಸಬೇಡಿ. ಸಾಗರದ ಕಡೆಯವರಿಗೆ ಉಣುಗು ಅಂದರೆ ಬರೀ ಹುಳ ಅಲ್ಲ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. 2019ರ ಸುಮಾರಿಗೆ ಸಾಗರ ತಾಲೂಕಿನದೇ ಅರಳಗೋಡಿನಲ್ಲಿ ಎಷ್ಟು ಜನ ಹೋದರು ಅಂತ ಅವರಿಗೆ ಹೆಸರು ಸಮೇತ ಗೊತ್ತಿದ್ದರೂ ಆಶ್ಚರ್ಯವಿಲ್ಲ. ಅವರ ಹೆದರಿಕೆ ಸುಳ್ಳಲ್ಲ. ಅವರಿಗೆ ಹೇಳಬೇಕಾದದ್ದು ಇಷ್ಟು: ಆ ಕಾಯಿಲೆ ಹರಡುವುದು ಮುಖ್ಯವಾಗಿ ಕಾಡಿನ ಉಣುಗು, ಪೇಟೆ ನಾಯಿಯ ಮೈಮೇಲೆ ಸಾಮಾನ್ಯವಾಗಿ ಇರುವುದು ಬೇರೆ ಜಾತಿಯದು. (ನೋಡಿ, ಜಾತಿ ಕೇಳಬೇಕಾದದ್ದು ಉಣುಗಿನದು!) ಹಾಗಂತ ಇದನ್ನೂ ಮನೆಯಲ್ಲಿ ಸಾಕಬಾರದು, ನಾಯಿಗೆ ಜ್ವರ ತರುತ್ತದೆ, ಗೋಡೆ ಸಂದಿಯಲ್ಲಿ ಸೇರಿಕೊಂಡರೆ ತಿಂಗಳುಗಟ್ಟಲೆ ಕಾಟ. ಬರಿಗೈಯಲ್ಲಿ ಕಿತ್ತು ಉಗುರಲ್ಲಿ ಹಿಸುಕಬೇಡಿ, ಚಿಮಟದಲ್ಲಿ ಹಿಡಿದು ತೆಗೆದು ಸೋಪಿನ ನೀರಿಗೆ ಹಾಕಿ. ಸ್ಪ್ರೇ, ಪೌಡರ್ ಯಾವುದು ಅಂತ ಡಾಕ್ಟರನ್ನು ಕೇಳಿ, ಇಷ್ಟು ಚಿಕ್ಕದಕ್ಕೆ ಎಲ್ಲಾ ಆಗಿ ಬರುವುದಿಲ್ಲ. ಉಣುಗು ಪೂರ್ತಿ ಹೋಗುವವರೆಗೆ ಮರಿ ಹಿತ್ತಲಲ್ಲೋ ಜಗುಲಿಯಲ್ಲೋ ಇರಲಿ. ಅತ್ತೆ ಹೇಳಿದ್ದೇ ನಡೆಯಿತು ಅಂತ ಅವರಿಗೂ ಅನ್ನಿಸಲಿ, ನಿಜವಾಗಿಯೂ ಅವರು ಹೇಳಿದ್ದೇ ಸರಿ.

ಇಟ್ಟುಕೊಳ್ಳಬೇಕಾ ಬೇಡವಾ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೆಸರಿಟ್ಟವಳು ಮಗಳು. ಜಾತಿ ಕೇಳಿದವರು ಗಂಡ. ಬೇಡ ಅಂದವರು ಅತ್ತೆ. ರಾತ್ರಿ ಎದ್ದವರು ನೀವು, ಗೋಣಿಚೀಲ ಒಗೆದವರು ನೀವು, ತೂಗಿಸಿದವರು, ಅರಿಶಿನ ಹಚ್ಚಿದವರು, ಪತ್ರ ಬರೆದವರೂ ನೀವೇ. ಈ ನಾಯಿ ಹತ್ತು ಹನ್ನೆರಡು ವರ್ಷ ಬದುಕಬಹುದು, ಮಗಳು ಅಷ್ಟರಲ್ಲಿ ಕಾಲೇಜಿಗೆ ಹೋಗಿರುತ್ತಾಳೆ. ಮುಧೋಳದ ಜೋಡಿಯೇ ಮನೆಗೆ ಬಂದಿದ್ದರೂ ಚೀಲ ಒಗೆಯುತ್ತಿದ್ದದ್ದು ನೀವೇ ತಾನೇ? ನಿಮ್ಮ ಮನೆಯವರು ಜಾತಿ ಕೇಳುವುದು ನನಗೆ ಅರ್ಥ ಆಗುತ್ತದೆ, ಬೀದಿಯಲ್ಲಿ ಹಿಡಿದುಕೊಂಡು ಹೋದರೆ ಜನ ಏನೆಂದಾರು ಅಂತ ಇರಬಹುದು, ಎಷ್ಟು ದೊಡ್ಡದಾಗುತ್ತೋ ಅನ್ನುವ ಅಳುಕೂ ಇರಬಹುದು. ಆದರೆ ಕೇಳಬೇಕಾದ ಪ್ರಶ್ನೆ ಅದಲ್ಲ. ಬೆಳಗಿನ ಒಂದು ಗಂಟೆ ಹೊತ್ತಿನ ಕೆಲಸ ಯಾರದು, ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು, ಡಾಕ್ಟರ ಹತ್ತಿರ ಹೋಗುವ ದುಡ್ಡು ಯಾವ ಡಬ್ಬಿಯಿಂದ, ಇದನ್ನು ಕೇಳಿ, ಊಟಕ್ಕೆ ಕೂತಾಗ ಎಲ್ಲರ ಎದುರಿಗೇ ಕೇಳಿ. ಮತ್ತೆ ಬಾಡಿಗೆ ಕರಾರು ತೆಗೆದು ಓದಿ, ಓನರ್‌ಗೆ ನೀವೇ ಮೊದಲು ಹೇಳಿ, ಬೊಗಳಿ ಗೊತ್ತಾಗುವುದಕ್ಕಿಂತ ಅದು ವಾಸಿ.

ಈಗಲೇ ಪೂರ್ತಿ ತೀರ್ಮಾನ ಬೇಡ. ಒಂದೂವರೆ ತಿಂಗಳು ಅಂತ ಮಾತು ಮಾಡಿಕೊಳ್ಳಿ. ಅಷ್ಟರಲ್ಲಿ ಹುಳ ಹೋಗಿ, ಲಸಿಕೆ ಆಗಿ, ಮರಿ ಮರಿಯ ಹಾಗೆ ಆಗಿರುತ್ತದೆ. ಬೆಳಗ್ಗೆ ಚೀಲ, ಮೊದಲ ಊಟ ಗಂಡನದು. ಪ್ರತಿ ಭಾನುವಾರ ಕಿರಾಣಿ ಅಂಗಡಿಯಲ್ಲಿ ತೂಗಿಸಿ ಕ್ಯಾಲೆಂಡರ್ ಮೇಲೆ ಬರೆಯುವುದು ಮಗಳದು. ಗಂಡ ನಾಲ್ಕು ದಿನ ಮಾಡಿ ಬಿಟ್ಟರೆ, ನಿಮಗೆ ಉತ್ತರ ಸಿಕ್ಕ ಹಾಗೆ. ಆಗ ಚೆನ್ನಾಗಿರುವ ಒಂದು ಮನೆ ಹುಡುಕಿ ಕೊಡಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಸಾಯುವ ಮರಿಯನ್ನು ಉಳಿಸಿ ಕೊಟ್ಟಿರುತ್ತೀರಿ. ಹೆಣ್ಣಾದರೆ ಆರು ತಿಂಗಳ ಹೊತ್ತಿಗೆ ಆಪರೇಷನ್ ಮಾಡಿಸುವ ಮಾತು ತೆಗೆದುಕೊಂಡೇ ಕೊಡಿ. ಗಾಂಧಿ ಬಜಾರಿಗೆ ವಾಪಸ್ ಬಿಡುವುದು ಮಾತ್ರ ಬೇಡ. ಮನೆ ಅನ್ನ ಕಂಡ ಮರಿ ಬೀದಿ ನಾಯಿಗಳ ನಡುವೆ ಎರಡು ದಿನ ಉಳಿಯುವುದಿಲ್ಲ, ಮತ್ತೆ ಹಸಿವಿಗೆ ಬೀಳುತ್ತೆ ಅಂತ ಗೊತ್ತಿದ್ದೂ ಪ್ರಾಣಿಯನ್ನು ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ ಕೂಡ. ಇದನ್ನು ಗಂಡನಿಗೆ ಓದಿ ಹೇಳಿ.

ಇನ್ನೊಂದು. ಹುಳ ಬಿದ್ದ ಮೇಲೆ ಆ ಹೊಟ್ಟೆ ಇಳಿದು ಹೋಗುತ್ತದೆ. ಬೋಂಡಾ ಅನ್ನುವ ಹೆಸರು ಆಗ ಒಪ್ಪುವುದಿಲ್ಲ ಅಂತ ಮಗಳಿಗೆ ಮೊದಲೇ ಹೇಳಿಡಿ.