ಸೌರ ಪಾರ್ಕಿನ ಲಾಭ ಪಹಣಿ ಇಲ್ಲದವರಿಗೂ ತಲುಪುವುದು ಹೇಗೆ?

ಪ್ರಶ್ನೆ: ನಮ್ಮ ಭಾಗದ ಮಳೆಯಾಶ್ರಿತ ಜಮೀನುಗಳನ್ನು ಸೌರ ವಿದ್ಯುತ್ ಸ್ಥಾವರಕ್ಕೆ ಗುತ್ತಿಗೆ ಕೊಡುವ ಮಾತುಕತೆ ನಡೆದಿದೆ. ಜಮೀನುದಾರರು ಒಪ್ಪಿದ್ದಾರೆ, ಕೂಲಿಕಾರರೂ ಕುರಿಗಾಹಿಗಳೂ ಆತಂಕದಲ್ಲಿದ್ದಾರೆ. ಇಡೀ ಪ್ರದೇಶಕ್ಕೆ ಒಳಿತಾಗುವಂಥ ನೀತಿ ಹೇಗಿರಬೇಕು?
– ಗ್ರಾಮ ಪಂಚಾಯಿತಿ ಸದಸ್ಯರೊಬ್ಬರು, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ನೆರೆಯ ಪಾವಗಡ ತಾಲ್ಲೂಕಿನ ಅನುಭವವನ್ನೇ ಮುಂದಿಟ್ಟುಕೊಂಡು ಉತ್ತರಿಸುತ್ತೇನೆ. ಅಲ್ಲಿ ತಿರುಮಣಿ, ವಳ್ಳೂರು ಸೇರಿದಂತೆ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ, 2019ರ ಕೊನೆಗೆ ಪೂರ್ಣಗೊಂಡ 2,050 ಮೆಗಾವಾಟ್ ಸೌರ ಪಾರ್ಕಿಗಾಗಿ ಜಮೀನನ್ನು ಸ್ವಾಧೀನಪಡಿಸಿಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ 28 ವರ್ಷಗಳ ಗುತ್ತಿಗೆಗೆ ಪಡೆಯಲಾಯಿತು. ಮೇಲಿಂದ ಮೇಲೆ ಬರ ಕಂಡು, ಕಡಲೆಕಾಯಿ ಬೆಳೆಯನ್ನು ನಂಬಿ ಸೋತಿದ್ದ ಸೀಮೆಯಲ್ಲಿ ಭೂಮಿ ರೈತರ ಹೆಸರಿನಲ್ಲೇ ಉಳಿದು, ಮಳೆ ಬಂದರೂ ಬಾರದಿದ್ದರೂ ಹಣ ಕೈಸೇರುವ ಈ ಏರ್ಪಾಡು ಮೆಚ್ಚತಕ್ಕದ್ದೇ.

ಆದರೆ ಗುತ್ತಿಗೆಯ ಹಣ ಸೇರುವುದು ಪಹಣಿಯಲ್ಲಿ, ಅಂದರೆ ಜಮೀನಿನ ಹಕ್ಕಿನ ದಾಖಲೆಯಲ್ಲಿ, ಹೆಸರಿರುವವರಿಗೆ. ಕಳೆ ಕೀಳಲು, ಕಾಯಿ ಬಿಡಿಸಲು ಹೋಗುತ್ತಿದ್ದ ಭೂರಹಿತ ಹೆಣ್ಣುಮಕ್ಕಳ ಕೂಲಿಯೂ, ಬೆಳೆ ಕೊಯ್ದ ಹೊಲಗಳಲ್ಲಿ ಮೇಯುತ್ತಿದ್ದ ಕುರಿಗಳ ಮೇವೂ ಯಾವ ದಾಖಲೆಯಲ್ಲೂ ಇಲ್ಲದ ಕಾರಣ ಲೆಕ್ಕಕ್ಕೆ ಬರುವುದಿಲ್ಲ. ಫಲಕ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸಗಳು ಹುಟ್ಟಿಕೊಳ್ಳುತ್ತವೆಯಾದರೂ ಹೋದ ಕೂಲಿಯನ್ನು ಅವು ತುಂಬಿಕೊಡಲಾರವು. ನೀತಿ ಮೊದಲು ಮುಟ್ಟಬೇಕಾದದ್ದು ಇವರನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಅತ್ಯಂತ ನೇರವಾದ ದಾರಿಯೆಂದರೆ, ಮಾರಾಟವಾಗುವ ಪ್ರತಿ ಯೂನಿಟ್ಟಿನಿಂದ ಒಂದು ಪಾಲನ್ನು ಗ್ರಾಮ ಪಂಚಾಯಿತಿಯ ಪ್ರತ್ಯೇಕ ನಿಧಿಗೆ ಕಡ್ಡಾಯಗೊಳಿಸಿ, ಅದರ ವೆಚ್ಚವನ್ನು ಗ್ರಾಮಸಭೆಯೇ ತೀರ್ಮಾನಿಸುವಂತೆ ಮಾಡುವುದು. ಒಂದು ಮೆಗಾವಾಟ್ ಸ್ಥಾವರ ವರ್ಷಕ್ಕೆ 15 ಲಕ್ಷ ಯೂನಿಟ್ ಉತ್ಪಾದಿಸುತ್ತದೆಂದು ಹಿಡಿದರೆ, ಪಾವಗಡದಷ್ಟು ದೊಡ್ಡ ಪಾರ್ಕಿನಲ್ಲಿ ಯೂನಿಟ್ಟಿಗೆ ಒಂದೇ ಪೈಸೆ ತೆಗೆದಿಟ್ಟರೂ ವರ್ಷಕ್ಕೆ 3 ಕೋಟಿ ರೂಪಾಯಿ ದಾಟುತ್ತದೆ. ಕುರಿಗಾಹಿಗಳಿಗೆ ಫಲಕಗಳ ನಡುವೆ ಬೆಳೆಯುವ ಹುಲ್ಲಿನ ಹಕ್ಕನ್ನು ಒಪ್ಪಂದದಲ್ಲೇ ಬರೆಯಬಹುದು. ಸರ್ಕಾರಿ ಜಮೀನನ್ನು ಮಂಜೂರಾತಿಯಿಲ್ಲದೆ ಉಳುತ್ತಿರುವವರು ಅದನ್ನು ಸಕ್ರಮಗೊಳಿಸಲು ಸಲ್ಲಿಸಿದ ಬಗರ್‌ಹುಕುಂ ಅರ್ಜಿಗಳನ್ನಂತೂ ಗುತ್ತಿಗೆಗೆ ಮೊದಲೇ ಇತ್ಯರ್ಥಪಡಿಸಬೇಕು.

ಜಮೀನುದಾರರೂ ಎಚ್ಚರದಿಂದಿರಬೇಕಾದ ವಿಷಯವೊಂದಿದೆ. ಪಾವಗಡದ ಒಪ್ಪಂದದಲ್ಲಿ ಬಾಡಿಗೆ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುತ್ತದೆ. ಅಂದರೆ ಅವಧಿಯ ಕೊನೆಗೆ ಅದು 40,000 ರೂಪಾಯಿಯ ಆಸುಪಾಸಿಗೆ ಬರುತ್ತದೆ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ 28 ವರ್ಷಗಳಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುವುದರಿಂದ, ಬಾಡಿಗೆಯನ್ನು ಬೆಲೆ ಸೂಚ್ಯಂಕಕ್ಕೆ ಜೋಡಿಸುವಂತೆ ಒತ್ತಾಯಿಸಿ.

ಎಲ್ಲವೂ ಬೃಹತ್ ಪಾರ್ಕೇ ಆಗಬೇಕೆಂದಿಲ್ಲ. 2019ರಲ್ಲಿ ಆರಂಭವಾದ ಕೇಂದ್ರದ ಕುಸುಮ್ ಯೋಜನೆ, ರೈತರು ಅಥವಾ ಅವರ ಸಹಕಾರ ಸಂಘಗಳು ಬಂಜರು, ಬೀಳು ಜಮೀನಿನಲ್ಲಿ 500 ಕಿಲೋವಾಟ್‌ನಿಂದ 2 ಮೆಗಾವಾಟ್‌ವರೆಗಿನ ಸ್ಥಾವರಗಳನ್ನು ತಾವೇ ಸ್ಥಾಪಿಸಿ ವಿದ್ಯುತ್ ಮಾರಲು ಅವಕಾಶ ಕೊಟ್ಟಿತು. ಬಂಡವಾಳ ಹೊಂದಿಸುವುದು ಕಷ್ಟವಾದ್ದರಿಂದ ಸಹಕಾರಿ ಬ್ಯಾಂಕುಗಳ ಸಾಲಕ್ಕೆ ರಾಜ್ಯವೇ ಖಾತರಿ ನಿಲ್ಲಬೇಕು.

ಗುತ್ತಿಗೆ ಮುಗಿದಾಗ ಫಲಕ, ಕಂಬ, ಕಾಂಕ್ರೀಟನ್ನು ತೆರವುಗೊಳಿಸುವ ವೆಚ್ಚವನ್ನು ಕಂಪನಿ ಮೊದಲೇ ಠೇವಣಿ ಇಡಬೇಕೆಂಬ ಷರತ್ತೂ ಇರಲಿ. ಸಹಿ ಬಿದ್ದ ಮೇಲೆ ಚೌಕಾಸಿಗೆ ಜಾಗವಿರುವುದಿಲ್ಲ. ಆದ್ದರಿಂದ ಆ ಜಮೀನುಗಳನ್ನು ನಂಬಿರುವ ಕೂಲಿ ಮತ್ತು ಕುರಿಗಾಹಿ ಕುಟುಂಬಗಳ ಪಟ್ಟಿಯನ್ನು ಈಗಲೇ ಮಾಡಿಸಿ, ಗ್ರಾಮಸಭೆಯ ನಿರ್ಣಯದೊಂದಿಗೆ ಜಿಲ್ಲಾಧಿಕಾರಿಗಳಿಗೆ ಸಲ್ಲಿಸಿ.