ಗಾಳ ಹಾಕುವ ಮಕ್ಕಳು, ಕಾಯುವ ಕ್ಯಾಮೆರಾ

ಮಕ್ಕಳು ಗಾಳ ಹಾಕಿ ಮೀನು ಹಿಡಿಯುವುದನ್ನು ತೋರಿಸುವ ಟಿ.ವಿ. ಸರಣಿಗಳು ಹೇಗೆ ತಯಾರಾಗುತ್ತವೆ ಎಂದು ಕೇಳಿ ಬಂದಿರುವ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಇಂಥ ಸರಣಿಯ ಪ್ರತಿ ಕಂತಿನಲ್ಲೂ ಅರ್ಧ ಗಂಟೆ ಮುಗಿಯುವುದರೊಳಗೆ ಮೀನು ಸಿಕ್ಕೇ ಸಿಗುತ್ತದೆ. ಅದು ನಿಜವಾಗಿ ಅಲ್ಲೇ ಹಿಡಿದ ಮೀನೋ, ಮೊದಲೇ ತಂದು ಗಾಳಕ್ಕೆ ಸಿಕ್ಕಿಸಿದ್ದೋ?

ಉತ್ತರ: ಒಳ್ಳೆಯ ತಂಡ ಹಾಗೆ ಸಿಕ್ಕಿಸುವುದಿಲ್ಲ, ಸಿಕ್ಕಿಸುವ ಅಗತ್ಯವೂ ಅದಕ್ಕೆ ಬೀಳುವುದಿಲ್ಲ. ನೀವು ನೋಡುವ ಅರ್ಧ ಗಂಟೆಯ ಹಿಂದೆ ಒಂದು ಇಡೀ ದಿನ, ಕೆಲವೊಮ್ಮೆ ಹಲವು ದಿನಗಳ ಕಾಯುವಿಕೆ ಇರುತ್ತದೆ. ಸಂಕಲನಕಾರ ಅದನ್ನೆಲ್ಲ ಕತ್ತರಿಸಿರುತ್ತಾನೆ. ಚಿತ್ರೀಕರಣಕ್ಕೆ ಮೊದಲೇ ಆ ನೀರನ್ನು ಬಲ್ಲವರೊಬ್ಬರನ್ನು ಕರೆದೊಯ್ದು, ಆಳ ಎಲ್ಲಿದೆ, ಜೊಂಡಿನ ಅಂಚು ಎಲ್ಲಿದೆ, ಯಾವ ಎರೆಗೆ ಯಾವ ಮೀನು ಬರುತ್ತದೆ ಎಂದು ನೋಡಿಟ್ಟುಕೊಂಡಿರುತ್ತಾರೆ. ಮಕ್ಕಳ ಸರಣಿಗೆ ಸಾಮಾನ್ಯವಾಗಿ ದೊಡ್ಡದಾದರೂ ಅಪರೂಪವಾದ ಮೀನಿಗಿಂತ, ಸಣ್ಣದಾದರೂ ಮೇಲಿಂದ ಮೇಲೆ ಎರೆ ಕಚ್ಚುವ ಮೀನೇ ಸೂಕ್ತ.

ಕತ್ತರಿ ಮತ್ತು ಜೋಡಣೆಯ ಕೆಲಸವೂ ಇಲ್ಲದೆ ಇಲ್ಲ. ಗಾಳದ ದಾರಕ್ಕೆ ಕಟ್ಟಿದ, ನೀರಿನ ಮೇಲೆ ತೇಲುವ ಬೆಂಡು ಮುಳುಗಿದ್ದು ಬೆಳಿಗ್ಗೆ ಆಗಿರಬಹುದು, ಕೋಲಿನ ದಾರದ ರೀಲು ಸುತ್ತುವ ಬೆರಳುಗಳನ್ನು ಹತ್ತಿರದಿಂದ ತೆಗೆದದ್ದು ಮಧ್ಯಾಹ್ನ. ಇದನ್ನು ಪತ್ತೆಹಚ್ಚಬೇಕೆಂದಿದ್ದರೆ ಮಗುವಿನ ಅಂಗಿಯ ತೋಳನ್ನು ಗಮನಿಸಿ: ದೂರದ ದೃಶ್ಯದಲ್ಲಿ ಮೊಣಕೈವರೆಗೆ ನೆನೆದಿದ್ದ ತೋಳು ಮರುಕ್ಷಣದ ಹತ್ತಿರದ ದೃಶ್ಯದಲ್ಲಿ ಒಣಗಿಯೇ ಇದ್ದರೆ, ನಡುವೆ ಒಂದೆರಡು ಗಂಟೆ ಕಳೆದಿದೆ ಎಂದರ್ಥ. ನೆರಳು ಬೀಳುವ ದಿಕ್ಕು ಮತ್ತು ಮೋಡಗಳೂ ಹೀಗೆಯೇ ಗುಟ್ಟು ಬಿಟ್ಟುಕೊಡುತ್ತವೆ. ಇಷ್ಟನ್ನು ನಾನು ಮೋಸವೆನ್ನಲಾರೆ. ಆದರೆ ತಂಡದ ಹಿರಿಯರು ಹಿಡಿದ ಮೀನನ್ನು ಮಗುವಿನ ಕೈಗೆ ಕೊಟ್ಟು, ಅದೇ ಹಿಡಿದದ್ದೆಂದು ತೋರಿಸಿದರೆ ಅದು ಮೋಸವೇ. ಮಗುವಿಗೆ ಸತ್ಯ ಗೊತ್ತಿರುತ್ತದೆ, ಅದರ ಮುಖ ಅದನ್ನು ಮುಚ್ಚಿಡುವುದಿಲ್ಲ. ಈ ಕಾರಣಕ್ಕಾಗಿಯೇ ಅನುಭವವುಳ್ಳ ನಿರ್ದೇಶಕರು ಒಂದು ಕ್ಯಾಮೆರಾವನ್ನು ನೀರಿನ ಕಡೆ ತಿರುಗಿಸದೆ ಸದಾ ಮಗುವಿನ ಮುಖದ ಮೇಲೆಯೇ ಇಟ್ಟಿರುತ್ತಾರೆ. ಮೀನನ್ನು ಬಲೆಯಲ್ಲಿದ್ದಾಗಲೂ ಚಿತ್ರೀಕರಿಸಬಹುದು. ಕೋಲು ಮೊದಲ ಬಾರಿ ಬಾಗಿದಾಗ ತೆರೆದುಕೊಂಡ ಮಗುವಿನ ಬಾಯಿಯನ್ನು ಮತ್ತೆ ಚಿತ್ರೀಕರಿಸಲಾಗದು. ‘ಇನ್ನೊಮ್ಮೆ ಹಾಗೇ ಖುಷಿಪಡು ಮರಿ’ ಎಂದರೆ ಸಿಗುವುದು ಹಲ್ಲು ಕಿರಿದ ಮುಖ ಮಾತ್ರ.

ಪ್ರಶ್ನೆ: ನೀರಿನೊಳಗಿನ ದೃಶ್ಯದಲ್ಲಿ ಕಾಣುವುದೂ, ಮಗು ಮೇಲೆತ್ತುವುದೂ ಒಂದೇ ಮೀನೇ?

ಉತ್ತರ: ಒಂದೇ ಆಗಿರುವುದು ಅಪರೂಪ. ದಡದ ನೀರು ಹೆಚ್ಚಾಗಿ ಕದಡಿರುತ್ತದೆ, ಮೀನಿಗೆ ಅಪರಿಚಿತ ವಸ್ತುವೆಂದರೆ ಅಂಜಿಕೆ. ಜೊತೆಗೆ, ಬೆಳಕಿನ ಬಣ್ಣಗಳಲ್ಲಿ ಕೆಂಪನ್ನು ನೀರು ಮೇಲಿನ ಕೆಲವೇ ಮೀಟರ್‌ಗಳಲ್ಲಿ ಹೀರಿಕೊಳ್ಳುವುದರಿಂದ, ಸ್ವಲ್ಪ ಆಳಕ್ಕೆ ಇಳಿದರೆ ಎಲ್ಲವೂ ಹಸಿರು-ನೀಲಿಯಾಗಿ ಕಾಣುತ್ತದೆ. ಆದ್ದರಿಂದ ಇಂಥ ದೃಶ್ಯಗಳನ್ನು ತಿಳಿನೀರು ಇರುವ ಬೇರೆ ದಿನ, ಅಥವಾ ಗಾಜಿನ ತೊಟ್ಟಿಯಲ್ಲಿ ದೀಪವಿಟ್ಟು ತೆಗೆದು ಸೇರಿಸುವುದುಂಟು. ಅವು ವಿವರಣೆಗಾಗಿ ಇರುವ ಚಿತ್ರಗಳು ಎಂದು ನಿರೂಪಕ ಒಂದು ಮಾತಿನಲ್ಲಿ ಹೇಳಿಬಿಟ್ಟರೆ ನನಗಂತೂ ಯಾವ ತಕರಾರೂ ಇಲ್ಲ.

ದಡದಿಂದಲೇ ನೀರಿನೊಳಗನ್ನು ತೋರಿಸಬೇಕಾದರೆ ಲೆನ್ಸಿನ ಮುಂದೆ ಪೋಲರೈಸಿಂಗ್ ಫಿಲ್ಟರ್ ಹಾಕುತ್ತಾರೆ. ಅದು ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಹೊಳಪನ್ನು ತಡೆಯುತ್ತದೆ. ನೋಟ ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಾಗಿದ್ದಾಗ ಇದರ ಪರಿಣಾಮ ಅತಿ ಹೆಚ್ಚು. ಸೇತುವೆಯ ಮೇಲೆ ನಿಂತು ನೇರ ಕೆಳಕ್ಕೆ ಕ್ಯಾಮೆರಾ ಹಿಡಿದರೆ ಅದರಿಂದ ಹೆಚ್ಚೇನೂ ಪ್ರಯೋಜನವಿಲ್ಲ.

ಪ್ರಶ್ನೆ: ಮೀನು ನೀರಿನಿಂದ ಚಿಮ್ಮುವಾಗ ಕೇಳುವ ಸದ್ದು ನಿಜವೇ?

ಉತ್ತರ: ಹಲವು ಬಾರಿ ಅಲ್ಲ. ಬಯಲಿನ ಗಾಳಿ ಮೈಕಿಗೆ ದೊಡ್ಡ ಶತ್ರು. ಮಗುವಿನ ಕಾಲರಿಗೆ ಸಿಕ್ಕಿಸಿದ ಮೈಕು ಲೈಫ್ ಜಾಕೆಟ್ಟಿಗೆ ಉಜ್ಜಿ ಬೇರೆ ಕರಕರ ಎನ್ನುತ್ತದೆ. ಮಗುವಿನ ಮಾತನ್ನು ಹೇಗಾದರೂ ಉಳಿಸಿಕೊಂಡು, ನೀರಿನ ಸದ್ದನ್ನು ಆಮೇಲೆ ಸ್ಟುಡಿಯೋದಲ್ಲಿ ನೀರು ತುಂಬಿದ ಟಬ್ಬಿನಲ್ಲಿ ಕೈಯಾಡಿಸಿ ಮಾಡಿಕೊಳ್ಳುತ್ತಾರೆ.

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗನಿಗೆ ಇಂಥ ಸರಣಿಯಲ್ಲಿ ಭಾಗವಹಿಸುವ ಆಸೆ. ನೀರು, ಮೊನಚಾದ ಗಾಳ ಎರಡೂ ಇರುವ ಕಡೆ ಕಳುಹಿಸುವ ಮೊದಲು ನಾನು ಏನನ್ನು ವಿಚಾರಿಸಬೇಕು?

ಉತ್ತರ: ಮೊದಲು ಒಂದೇ ಪ್ರಶ್ನೆ ಕೇಳಿ: ಮಕ್ಕಳನ್ನು ನೋಡಿಕೊಳ್ಳುವುದನ್ನು ಬಿಟ್ಟು ಬೇರೆ ಯಾವ ಕೆಲಸವೂ ಇಲ್ಲದ ವ್ಯಕ್ತಿ ತಂಡದಲ್ಲಿ ಇದ್ದಾರೆಯೇ? ‘ನಾವೆಲ್ಲರೂ ನೋಡಿಕೊಳ್ಳುತ್ತೇವೆ’ ಎಂಬ ಉತ್ತರ ಬಂದರೆ ಹಿಂಜರಿಯಿರಿ, ಏಕೆಂದರೆ ಮೀನು ಕಚ್ಚಿದ ಕ್ಷಣದಲ್ಲಿ ಎಲ್ಲರ ಕಣ್ಣೂ ನೀರಿನ ಕಡೆಗೇ ಇರುತ್ತದೆ. ಮಗುವಿನ ಅಳತೆಗೆ ಸರಿಹೊಂದುವ ಲೈಫ್ ಜಾಕೆಟ್, ಟೋಪಿ ಮತ್ತು ಕನ್ನಡಕ ಕಡ್ಡಾಯ. ಮಗು ಕೋಲನ್ನು ಹಿಂದಕ್ಕೆ ಬೀಸುವಾಗ ಗಾಳ ಹಾರುವುದು ಛಾಯಾಗ್ರಾಹಕ ನಿಂತಿರುವ ಜಾಗದ ಮೇಲೆಯೇ ಆದ್ದರಿಂದ ತಂಡದವರೂ ಕನ್ನಡಕ ಹಾಕಿರಬೇಕು. ಗಾಳದ ತುದಿಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರಬೇಕು. ಆಗ ಅದು ಬೆರಳಿಗೆ ಚುಚ್ಚಿದರೂ ಸುಲಭವಾಗಿ ಹೊರಬರುತ್ತದೆ. ಕಾರ್ಬನ್ ಫೈಬರ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆಯಾದ್ದರಿಂದ ತಲೆಯ ಮೇಲೆ ವಿದ್ಯುತ್ ತಂತಿ ಹಾದುಹೋಗಿರುವ ದಡ ಬೇಡ, ಗುಡುಗು ಕೇಳಿಸಿದರೆ ಚಿತ್ರೀಕರಣವೂ ಬೇಡ.

ವೇಳೆಯನ್ನೂ ವಿಚಾರಿಸಿ. ಹಲವು ಜಾತಿಯ ಮೀನುಗಳು ಚುರುಕಾಗಿ ಮೇಯುವುದು ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ. ಮಕ್ಕಳನ್ನು ದಿನಕ್ಕೆ ಇಷ್ಟೇ ಗಂಟೆ ದುಡಿಸಬೇಕೆಂಬ ನಿಯಮ ಅನೇಕ ದೇಶಗಳಲ್ಲಿದೆ. ಎರಡು ಹೊತ್ತನ್ನೂ ಹಿಡಿಯಲು ಹೊರಟರೆ ಮಗು ಬಳಲುವುದು ಖಂಡಿತ. ಒಂದು ದಿನಕ್ಕೆ ಒಂದೇ ಹೊತ್ತು ಎಂದು ವೇಳಾಪಟ್ಟಿಯಲ್ಲಿಯೇ ಬರೆದಿರುವ ತಂಡವನ್ನು ನಂಬಬಹುದು.

ಪ್ರಶ್ನೆ: ದೃಶ್ಯ ಸರಿಬರಲಿಲ್ಲವೆಂದು ಅದೇ ಮೀನನ್ನು ಮತ್ತೆ ಮತ್ತೆ ಎತ್ತಿ ತೋರಿಸುತ್ತಾರೆಯೇ?

ಉತ್ತರ: ಮೀನನ್ನು ಮರಳಿ ನೀರಿಗೆ ಬಿಡುವುದಿದ್ದರೆ ಹಾಗೆ ಮಾಡಲೇಬಾರದು. ಮೀನಿನ ಮೈಮೇಲಿನ ಲೋಳೆ ಅದನ್ನು ಸೋಂಕಿನಿಂದ ಕಾಪಾಡುತ್ತದೆ. ಒಣ ಕೈ, ಗಂಟುಗಳಿರುವ ಒರಟು ಬಲೆ ಆ ಲೋಳೆಯನ್ನು ಕೆರೆದುಬಿಡುತ್ತವೆ. ಕೈಯನ್ನು ನೆನೆಸಿಕೊಂಡು, ಕ್ಯಾಮೆರಾ ಸಿದ್ಧವಾಗುವವರೆಗೆ ಮೀನನ್ನು ಬಲೆಸಹಿತ ನೀರಿನಲ್ಲಿಯೇ ಇಟ್ಟು, ಕೆಲವು ಸೆಕೆಂಡು ಮಾತ್ರ ಎತ್ತಿ ಬಿಡಬೇಕು. ದೃಶ್ಯ ಕೈತಪ್ಪಿದರೆ ತಪ್ಪಿತು.

ಪ್ರಶ್ನೆ: ದಿನವಿಡೀ ಒಂದೂ ಮೀನು ಸಿಗದಿದ್ದರೆ ಆ ಕಂತನ್ನು ಎಸೆಯುತ್ತಾರೆಯೇ?

ಉತ್ತರ: ಎಸೆಯಬೇಕಾಗಿಲ್ಲ, ನನ್ನ ಅಭಿಪ್ರಾಯದಲ್ಲಿ ಎಸೆಯಲೂಬಾರದು. ಅಂಥ ದಿನಕ್ಕೆಂದೇ ತಂಡ ಬೇರೆ ವಿಷಯಗಳನ್ನು ಮೊದಲೇ ಬರೆದಿಟ್ಟುಕೊಂಡು ಹೊರಡಬೇಕು: ದಾರಕ್ಕೆ ಗಂಟು ಹಾಕುವ ಬಗೆ, ಕಲ್ಲು ಮಗುಚಿ ಅದರಡಿಯ ಹುಳುಗಳನ್ನು ಹುಡುಕುವುದು, ಸುಳಿ ಎಲ್ಲಿದೆ ಎಂದು ನೀರಿನ ಮೇಲ್ಮೈ ನೋಡಿ ಹೇಳುವುದು, ಸಿಕ್ಕುಬಿದ್ದ ದಾರವನ್ನು ಇಬ್ಬರು ಮಕ್ಕಳು ಕೂತು ಬಿಡಿಸುವುದು. ಇವುಗಳಿಗೆ ಮೀನಿನ ಒಪ್ಪಿಗೆ ಬೇಕಾಗಿಲ್ಲ. ಇಷ್ಟನ್ನು ಚೆನ್ನಾಗಿ ತೆಗೆದುಕೊಂಡ ತಂಡ ‘ಇವತ್ತು ಸಿಗಲಿಲ್ಲ’ ಎಂಬ ಮಗುವಿನ ಮಾತನ್ನು ಹಾಗೆಯೇ ಪ್ರಸಾರ ಮಾಡಬಹುದು.